ಎರಡು ಹೋಳಾದ ಕೀರ್ತನೆ ಪುಸ್ತಕದ ಅಹವಾಲು

ಕೀರ್ತನೆ ಪುಸ್ತಕ ಪರಿಷ್ಕರಣ ಸಮಿತಿಯ ಕಾರ್ಯದರ್ಶಿಗಳೇ, ನಮ್ಮ ಬಾಯಿಗೆ ಬೇಲಿ ಹಾಕಿದ ಮಾನ್ಯರೇ,

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಸಮಸ್ತ ಪ್ರಜೆಗಳಿಗೂ, ಯುದ್ಧದಲ್ಲಿ ತೊಡಗಿರುವ ಸಕಲ ರಾಷ್ಟ್ರಗಳಿಗೂ ಈ ಪತ್ರಿಕೆಯ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಊರಿನ ಕ್ರೈಸ್ತ ದೇವಾಲಯಕ್ಕೆ ಹೊಸ ಕೀರ್ತನೆ ಪುಸ್ತಕ ಬಂದಿದೆ. ಯುದ್ಧರಂಗದ ಸುದ್ದಿ ಇನ್ನೊಂದು ದಿನ ಕಾಯಬಹುದು, ಇದು ಕಾಯುವಂತಿಲ್ಲ. ಬಂದದ್ದಷ್ಟೇ ಅಲ್ಲ, ತಮ್ಮ ಕೃಪೆಯಿಂದ ಪ್ರತಿಯೊಂದು ಪುಸ್ತಕವೂ ಬೆನ್ನಿನ ಮೇಲೆ ಕತ್ತಿ ಆಡಿಸಿಕೊಂಡು ಎರಡು ಹೋಳಾಗಿದೆ. ಆ ಎರಡು ಹೋಳುಗಳಲ್ಲಿ ಎಲ್ಲಿ ಹುಡುಕಿದರೂ ಎಪ್ಪತ್ತು ದಾಟಿದ ನಮ್ಮ ಜಪಮಾಲಮ್ಮನ ಒಂದು ಹಾಡು ಸಿಗುತ್ತಿಲ್ಲ. ನವೆಂಬರ್ ಎರಡನೆಯ ತಾರೀಖಿನ ಒಳಗೆ ಅದು ಸಿಗಲೇಬೇಕು. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರಣೆ, ಆದರೆ ವಿವರಣೆಯಿಲ್ಲದ ದೂರನ್ನು ತಮ್ಮಂಥ ಕಚೇರಿಗಳು ಓದುವುದಿಲ್ಲವೆಂದು ಕೇಳಿ ಬಲ್ಲೆ.

ತಾವು ನಮ್ಮನ್ನು ಕಂಡವರಲ್ಲ. ಹಾಸನದಲ್ಲಿ ಬಸ್ಸು ಹತ್ತಿ ಹೊಳೆನರಸೀಪುರದ ಕಡೆಗೆ ಒಂಬತ್ತು ಮೈಲಿ ಬಂದು, ಇಳಿದು, ಇನ್ನೂ ಒಂದೂವರೆ ಮೈಲಿ ನಡೆದರೆ ನಮ್ಮ ವಿಚಾರಣೆ, ಅಂದರೆ ಒಂದು ಗುಡಿಗೆ ಸೇರಿದ ಕ್ರೈಸ್ತರ ಊರು. ಗುಡಿಯಿಂದ ಮೇಲಕ್ಕೆ ಮೂವತ್ತು ಮನೆ, ಅದು ಮೇಲುಕೇರಿ. ಕೆಳಕ್ಕೆ ಮೂವತ್ತು ಮನೆ, ಅದು ಕೆಳಕೇರಿ. ನಡುವೆ ಫ್ರಾನ್ಸ್ ದೇಶದಿಂದ ಬಂದು ಇಪ್ಪತ್ತೆರಡು ವರ್ಷದಿಂದ ನಮ್ಮನ್ನು ಸಹಿಸಿಕೊಂಡಿರುವ ಸ್ವಾಮಿಗಳು, ಅವರ ಬಲಗೈಯಾಗಿ ಮಕ್ಕಳಿಗೆ ಜಪ ಕಲಿಸಿ ದೊಡ್ಡವರನ್ನು ಗದರಿಸುವ ಉಪದೇಶಿ ಇನ್ನಾಸಪ್ಪ. ನಮ್ಮಲ್ಲಿ ಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತದೆ, ಅದು ಸ್ವಾಮಿಗಳಿಗೂ ದೇವರಿಗೂ ಬಿಟ್ಟ ವಿಷಯ. ಹಾಡು ಕನ್ನಡದಲ್ಲಿ ನಡೆಯುತ್ತದೆ, ಅದು ನಮಗೂ ದೇವರಿಗೂ ಬಿಟ್ಟ ವಿಷಯವೆಂದು ಈ ವರ್ಷದವರೆಗೂ ನಂಬಿದ್ದೆವು. ಅರವತ್ತು ಮನೆಯಲ್ಲಿ ಅಕ್ಷರ ಬಲ್ಲವರು ಹನ್ನೊಂದು ಜನ. ಉಳಿದವರಿಗೆಲ್ಲ ಜಪಮಾಲಮ್ಮನೇ ಪುಸ್ತಕ. ಆಕೆ ಕಣ್ಣು ಮುಚ್ಚಿ ಒಂದು ಸಾಲು ಎತ್ತುತ್ತಾಳೆ, ಜನ ಅದನ್ನು ಹಿಡಿದು ಮುಂದಕ್ಕೆ ಸಾಗಿಸುತ್ತಾರೆ. ನಲವತ್ತು ವರ್ಷದಿಂದ ಹೀಗೇ ನಡೆದಿದೆ. ಈ ಪುಸ್ತಕಕ್ಕೆ ರಟ್ಟು ಬೇಡ, ಗೆದ್ದಲಿನ ಭಯವಿಲ್ಲ, ಮಳೆಗೆ ನೆನೆದರೂ ಅಕ್ಷರ ಅಳಿಸುವುದಿಲ್ಲ. ಯೇಸು ಎದ್ದುಬಂದ ಪಾಸ್ಕ ಹಬ್ಬಕ್ಕೆ ಸ್ವಾಮಿಗಳು ಒಂದು ಸೀರೆ ಕೊಟ್ಟರೆ ಮತ್ತೆ ಒಂದು ವರ್ಷ ಹಾಡುತ್ತದೆ.

ಇಂಥ ಊರಿಗೆ ಕಳೆದ ಫೆಬ್ರವರಿಯಲ್ಲಿ ತಮ್ಮ ಸುತ್ತೋಲೆ ಬಂತು. ಹಳೆಯ ಹಾಡುಗಳನ್ನು ತಿದ್ದಿ, ತೊಳೆದು, ಬಿಸಿಲಿಗೆ ಹಾಕಿ ಹೊಸ ಪುಸ್ತಕ ಮಾಡಿದ್ದೀರೆಂದೂ, ಒಂದೊಂದು ವಿಚಾರಣೆಯೂ ತನಗೆ ಬೇಕಾದದ್ದನ್ನು ಸ್ವತಂತ್ರವಾಗಿ ಆರಿಸಿಕೊಳ್ಳಬಹುದೆಂದೂ ಅದರಲ್ಲಿತ್ತು. ಆಯ್ಕೆಗಾಗಿ ಎರಡು ಮಾದರಿ. ಒಂದಕ್ಕೆ ಕೆಂಪು ರಟ್ಟು, ಇನ್ನೊಂದಕ್ಕೆ ನೀಲಿ ರಟ್ಟು. ಒಳಗಿನ ಹಾಡುಗಳು ಎರಡರಲ್ಲೂ ಅವೇ. ಇಷ್ಟು ವಿಶಾಲವಾದ ಸ್ವಾತಂತ್ರ್ಯವನ್ನು ನಮಗೆ ಹಿಂದೆ ಯಾರೂ ಕೊಟ್ಟಿರಲಿಲ್ಲವಾದ್ದರಿಂದ ಭಾನುವಾರದ ಪೂಜೆ ಮುಗಿದೊಡನೆ ಗಂಟೆಮರದ ಕೆಳಗೆ ಸಭೆ ಸೇರಿತು. ಬೆಳಗಿನ ಒಂಬತ್ತಕ್ಕೆ ಕೂತವರು ಹನ್ನೆರಡಾದರೂ ಏಳಲಿಲ್ಲ.

"ಕೆಂಪು ಬ್ಯಾಡ ಕಣ್ರಪ್ಪ," ಎಂದು ಮೊದಲು ಎದ್ದವನು ಮೇಲುಕೇರಿಯ ಚೌರಪ್ಪ. ಊರಿಗೆಲ್ಲ ದೊಡ್ಡ ದನಿ ಅವನದು. "ಕೈ ಬೆವುತ್ರೆ ಬಣ್ಣ ಇಳೀತದೆ. ಅಬ್ಬದ ದಿಸ ಬಿಳೀ ಪಂಚೆ ಉಟ್ಕಂಡು, ಕೋಳಿ ಕುಯ್ದು ಬಂದೋರಂಗೆ ಕಾಣ್ಬೇಕಾ?"

"ನೀಲಿ ಮಾತೆ ಸೆರಗಿನ ಬಣ್ಣ," ಎಂದು ಕೆಳಕೇರಿಯಿಂದ ಒಬ್ಬರು ಭಕ್ತಿಯಿಂದ ನುಡಿದರು.

"ಅದೂ ಸರಿ, ಕೊಳೆನೂ ಕಾಣಾಕಿಲ್ಲ," ಎಂದು ಅವರ ಹೆಂಡತಿ ಆ ಭಕ್ತಿಗೆ ಆಧಾರ ಒದಗಿಸಿದರು.

ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿದೆವು. ಒಬ್ಬರು ತೂಕ ನೋಡಿದರು, ಒಬ್ಬರು ಮೂಸಿ ನೋಡಿದರು, ಒಬ್ಬರು ಬೆನ್ನಿನ ಮೇಲೆ ಬೆರಳಲ್ಲಿ ತಟ್ಟಿ ಮಡಕೆ ಕೊಳ್ಳುವವರ ಹಾಗೆ ಶಬ್ದ ಕೇಳಿದರು. ತೆರೆದು ನೋಡಿದವರು ಮಾತ್ರ ಯಾರೂ ಇಲ್ಲ. ಕೊನೆಗೆ ಜಪಮಾಲಮ್ಮ, "ಒಳಿಕ್ಕೇನೈತ್ಲಾ ಇನ್ನಾಸಿ?" ಎಂದು ಕೇಳಿದಳು. "ಆಡವೆ ಕಣವ್ವೋ, ಇನ್ನೇನು ಉಳ್ಳೀಕಾಳು ತುಂಬಿರ್ತಾರಾ?" ಎಂದ ಉಪದೇಶಿ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾನ್ಯರೇ, ತಮ್ಮ ಮೇಲೆ ಹೊರಿಸಬೇಕಾದ ಆರೋಪಗಳು ಬಹಳ ಇವೆ, ಆದರೆ ಆ ನಗು ನಮ್ಮದು. ಅದನ್ನು ತಮ್ಮ ಮೇಲೆ ಹಾಕುವುದಿಲ್ಲ. ಮೂರು ತಾಸಿನ ಚರ್ಚೆಯ ತರುವಾಯ ನೀಲಿ ರಟ್ಟು ಸರ್ವಾನುಮತದಿಂದ ಆಯ್ಕೆಯಾಯಿತು.

ಇನ್ನು ಹಣ. ಮನೆಗೊಂದರಂತೆ ಅರವತ್ತು ಪುಸ್ತಕ, ಮುಂಗಡವಾಗಿ ನಲವತ್ತೈದು ರೂಪಾಯಿ ಎಂದು ತಾವು ಬರೆದಿದ್ದಿರಿ. ರಾಗಿಯ ಮೇಲೂ ಕಂಟ್ರೋಲು, ಸೀಮೆಎಣ್ಣೆಯ ಮೇಲೂ ಕಂಟ್ರೋಲು ಇರುವ ಈ ಕಾಲದಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಬಂದದ್ದು ಒಂದು ಹುಂಜದಿಂದ. ನಮ್ಮಲ್ಲಿ ಹರಕೆ ಹೊತ್ತವರು ಕೋಳಿಯೋ ಕುಂಬಳವೋ ತಂದು ಗುಡಿಗೆ ಒಪ್ಪಿಸುತ್ತಾರೆ, ಪೂಜೆಯಾದ ಮೇಲೆ ಮೆಟ್ಟಿಲ ಮೇಲೆ ನಿಂತು ಉಪದೇಶಿ ಅದನ್ನು ಹರಾಜು ಕೂಗುತ್ತಾನೆ. ಚೌರಪ್ಪ ಒಂದು ಕೆಂಪು ಹುಂಜ ತಂದಿದ್ದ. ಮೊದಲ ಭಾನುವಾರ ಅದನ್ನು ಕೊಂಡವರು, ದೇವರ ಹಾಡಿನ ಪುಸ್ತಕಕ್ಕೆಂದು ಕೊಟ್ಟ ಕೋಳಿಯನ್ನು ಸಾರು ಮಾಡಿ ತಿನ್ನುವುದು ಹೇಗೆಂದು ಹಿಂದಕ್ಕೆ ಗುಡಿಗೇ ಕೊಟ್ಟುಬಿಟ್ಟರು. ಎರಡನೆಯ ಭಾನುವಾರ ಕೊಂಡವರು ಮೊದಲಿನವರಿಗಿಂತ ಕಡಿಮೆ ಭಕ್ತರೆನಿಸಿಕೊಳ್ಳಲು ಒಪ್ಪಲಿಲ್ಲ. ಮೂರನೆಯ ವಾರ ಕೆಳಕೇರಿಯವರ ಮಾನದ ಪ್ರಶ್ನೆ ಬಂತು. ಹೀಗೆ ಒಂದೇ ಹುಂಜ ಏಳು ಭಾನುವಾರ ಹರಾಜಾಯಿತು. ಐದನೆಯ ವಾರದ ಹೊತ್ತಿಗೆ ಅದಕ್ಕೆ ಪೂಜೆಯ ಕ್ರಮ ತಿಳಿದುಹೋಗಿ, ಸ್ವಾಮಿಗಳು ಕಡೆಯ ಆಶೀರ್ವಾದ ಕೊಡುತ್ತಿದ್ದಂತೆಯೇ ಯಾರೂ ಕರೆಯದೆ ತಾನಾಗಿ ಮೆಟ್ಟಿಲ ಮೇಲೆ ಬಂದು ನಿಲ್ಲತೊಡಗಿತು.

ಆರನೆಯ ಭಾನುವಾರದ್ದನ್ನು ಹೇಳದೆ ಮುಂದೆ ಹೋದರೆ ಚರಿತ್ರೆಗೆ ಅನ್ಯಾಯವಾದೀತು. ಹಾಸನದ ಪೇಟೆಯಲ್ಲಿ ಕಾಗದ, ಮಸಿ, ಲೆಕ್ಕದ ಪುಸ್ತಕ ಮಾರಿಕೊಂಡು ರಟ್ಟು ಕಟ್ಟುವ ಕೆಲಸವನ್ನೂ ಮಾಡುವ ಪಂಚಾಕ್ಷರಯ್ಯನವರು ಅಂದು ನಮ್ಮ ಜ್ಞಾನಸ್ನಾನದ ದಫ್ತರ ಹೊಲಿಯುವ ವಿಚಾರಕ್ಕೆ ಸ್ವಾಮಿಗಳನ್ನು ಕಾಣಲು ಬಂದಿದ್ದರು. ಶುದ್ಧ ಶಿವಭಕ್ತರು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ಕೊಡೆ. ಬೆಲೆ ಏರುತ್ತಿದ್ದುದನ್ನು ಕೇಳುತ್ತ ನಿಂತವರು ಇದ್ದಕ್ಕಿದ್ದಂತೆ "ಆರೂವರೆ" ಎಂದು ಕೂಗಿಬಿಟ್ಟರು. ಹುಂಜ ಅವರದಾಯಿತು.

"ಬುದ್ದಿ, ನೀವು ಇದನ್ನ ಏನ್ ಮಾಡೀರಿ?" ಎಂದು ಚೌರಪ್ಪ ಕೇಳಿದ.

"ಮುಟ್ಟೋದಿಲ್ಲ, ತಿನ್ನೋದಂತೂ ಇಲ್ಲ," ಎಂದರು ಪಂಚಾಕ್ಷರಯ್ಯನವರು, ಎರಡು ಹೆಜ್ಜೆ ಹಿಂದೆ ಸರಿದು. "ರೇಟು ಏರ್ತಾ ಇತ್ತಲ್ಲಪ್ಪ, ವ್ಯಾಪಾರಸ್ಥ ನಾನು, ಸುಮ್ನೆ ನಿಲ್ಲಕ್ಕಾಗ್ಲಿಲ್ಲ. ದುಡ್ಡು ತಗೊಳ್ಳಿ, ಆ ಪ್ರಾಣೀನ ಆ ಕಡೆ ಇಡಿ."

ಹೀಗೆ ಒಬ್ಬ ಶಿವಭಕ್ತರ ಆರೂವರೆ ರೂಪಾಯಿಯೂ ಸೇರಿ ತಮ್ಮ ಹಣ ಪೂರ್ತಿಯಾಯಿತು. ತಾವು ಅದನ್ನು ಬಹು ಶೀಘ್ರವಾಗಿ ಸ್ವೀಕರಿಸಿದಿರಿ, ರಶೀದಿ ನಾಲ್ಕೇ ದಿನಕ್ಕೆ ಬಂತು. ಪುಸ್ತಕ ಬರಲು ನಾಲ್ಕು ತಿಂಗಳು ಬೇಕಾಯಿತು. ಬೆಂಗಳೂರಿನಿಂದ ಹೊರಟ ಕಟ್ಟು, ಹಿರೀಸಾವೆಯಲ್ಲಿ ಇದ್ದಿಲಿನ ಬಸ್ಸು ಉಸಿರು ಕಟ್ಟಿ ನಿಂತದ್ದರಿಂದ ಅಲ್ಲಿನ ಒಂದು ಹೋಟೆಲಿನಲ್ಲಿ ಎರಡು ದಿನ ಬೆಂಚಿನ ಕಾಲಿಗೆ ಒತ್ತಾಸೆಯಾಗಿದ್ದು, ಆಮೇಲೆ ಚನ್ನರಾಯಪಟ್ಟಣ ಕಂಡು, ಹಾಸನ ಕಂಡು, ನಮ್ಮನ್ನು ಸೇರಿತು. ಬಿಚ್ಚಿ ನೋಡಿದರೆ ಮೂವತ್ತು. ಜೊತೆಗೆ ತಮ್ಮ ಪತ್ರ. ಕಾಗದದ ಮೇಲಿನ ಸರ್ಕಾರಿ ಹತೋಟಿಯ ದೆಸೆಯಿಂದ ಸದ್ಯಕ್ಕೆ ಅರ್ಧ ಕಳುಹಿಸಿದೆ, ಉಳಿದರ್ಧವನ್ನು ಅನುಕೂಲವಾದಾಗ ಅಚ್ಚು ಮಾಡಿಸಲಾಗುವುದು. ಅದರ ಕೆಳಗೇ ಆಜ್ಞೆ: "ಇನ್ನು ಮುಂದೆ ದೇವಾಲಯದಲ್ಲಾಗಲಿ, ಮೆರವಣಿಗೆಯಲ್ಲಾಗಲಿ, ಸಮಾಧಿ ಭೂಮಿಯಲ್ಲಾಗಲಿ, ಈ ಪುಸ್ತಕದಲ್ಲಿರುವ ಹಾಡುಗಳನ್ನು ಮಾತ್ರವೇ, ಪುಸ್ತಕವನ್ನು ಕೈಯಲ್ಲಿ ಹಿಡಿದು, ಹಾಡತಕ್ಕದ್ದು."

ಪುಸ್ತಕಗಳು ಮೂವತ್ತು, ಕೈಗಳು ಅರವತ್ತು ಮನೆಯವು. ಮನೆಗೊಂದು ಪುಸ್ತಕವೆಂದು ಏಳು ಭಾನುವಾರ ಮೆಟ್ಟಿಲ ಮೇಲೆ ಕೂಗಿ ಹೇಳಿದವನು ಇನ್ನಾಸಪ್ಪ. ಯಾವ ಮನೆಗೆ ಕೊಟ್ಟು ಯಾವ ಮನೆಗೆ ಬಿಡಬೇಕು? ಅವನು ಎರಡು ದಿನ ಊಟ ಬಿಟ್ಟು ಯೋಚಿಸಿ, ಮೂರನೆಯ ದಿನ ಕಟ್ಟನ್ನು ಹೊತ್ತು ಪಂಚಾಕ್ಷರಯ್ಯನವರ ಅಂಗಡಿಗೆ ಹೋದ. ಜೊತೆಗೆ ನಾನೂ ಇದ್ದೆ, ತಡೆಯಲಿಲ್ಲವೆಂಬ ಪಾಪವೂ ನನ್ನದಿದೆ.

"ನಡುಮಧ್ಯಕ್ಕೆ ಕತ್ತರಿಸ್ಬೇಕಾ?" ಪಂಚಾಕ್ಷರಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೈಯಾಗೆ ಹುಷಾರಿದ್ದೀರಾ, ಉಪದೇಶಿಗಳೇ?"

"ಮಾತು ಕೊಟ್ಟುಬುಟ್ಟಿವ್ನಿ ಸಾ. ಮನೆಗೊಂದು ಅಂತ. ಮೂವತ್ತು ಬಂದವೆ. ಕುಯ್ದ್ರೆ ಅರವತ್ತು ಆಯ್ತವೆ."

"ಒಂದನ್ನ ಎರಡು ಮಾಡಿಕೊಡ್ತೀನಿ. ಎರಡು ಪುಸ್ತಕ ಮಾಡಿಕೊಡು ಅಂದ್ರೆ ನನ್ನ ಕೈಲಾಗೋದಿಲ್ಲ."

"ಅಷ್ಟಾದ್ರೂ ಆಗ್ಲಿ ಬುಡಿ ಸಾ. ಕೈಲಿ ಇಡ್ಕಬೇಕು ಅಂತ ತಾನೆ ಆರ್ಡ್ರು ಬಂದಿರಾದು."

ಆ ವ್ಯಾಪಾರಸ್ಥರು ಕೂಲಿಯನ್ನೂ ತೆಗೆದುಕೊಳ್ಳದೆ, ಅಡಿಕೆ ಹೋಳು ಮಾಡಿದಷ್ಟು ಅಚ್ಚುಕಟ್ಟಾಗಿ ಮೂವತ್ತನ್ನೂ ಸೀಳಿ, ಬೋಳು ಬೆನ್ನುಗಳಿಗೆ ಗೋಣಿಬಟ್ಟೆ ಅಂಟಿಸಿ ಕೊಟ್ಟರು. ಮುಂದಿನ ಅರ್ಧ ಮೇಲುಕೇರಿಗೆ, ಹಿಂದಿನ ಅರ್ಧ ಕೆಳಕೇರಿಗೆ ಹಂಚಿಹೋಯಿತು. ಮನೆಗೊಂದು ಪುಸ್ತಕ. ಇನ್ನಾಸಪ್ಪ ಅಂದು ಹೊಟ್ಟೆ ತುಂಬ ಉಂಡ.

ಈಗ ತಾವು ದಯವಿಟ್ಟು ತಮ್ಮ ಪುಸ್ತಕದ ಕ್ರಮವನ್ನು ಜ್ಞಾಪಿಸಿಕೊಳ್ಳಬೇಕು. ಜ್ಞಾನಸ್ನಾನ, ಕ್ರಿಸ್ತಜಯಂತಿ, ತಪಸ್ಸು ಕಾಲ, ಇವೆಲ್ಲ ಮುಂದಿನ ಅರ್ಧದಲ್ಲಿ. ಮಾತೆಯ ಹಾಡು, ಪಾಸ್ಕ ಹಬ್ಬ, ಮದುವೆ, ಮರಣ, ಇವೆಲ್ಲ ಹಿಂದಿನ ಅರ್ಧದಲ್ಲಿ. ಆದ್ದರಿಂದ ತಮ್ಮ ಆಜ್ಞೆಯ ಪ್ರಕಾರ ಮೇಲುಕೇರಿಯವರು ಹುಟ್ಟಬಹುದು, ಸಾಯುವಂತಿಲ್ಲ. ಕೆಳಕೇರಿಯವರು ಸಾಯಬಹುದು, ಹುಟ್ಟುವಂತಿಲ್ಲ. ಮೇಲುಕೇರಿಯಲ್ಲಿ ಉಪವಾಸ ಉಂಟು, ಮದುವೆ ಇಲ್ಲ. ಕೆಳಕೇರಿಯಲ್ಲಿ ಒಂದು ದಿನವೂ ಪಶ್ಚಾತ್ತಾಪವಿಲ್ಲದೆ ನೇರವಾಗಿ ಪಾಸ್ಕ ಹಬ್ಬ. ಯಾವ ಹಾಡು ಯಾವ ಪುಟದಲ್ಲಿದೆಯೆಂದು ತಿಳಿಸುವ ಅಕಾರಾದಿಯನ್ನು ಕಟ್ಟಕಡೆಗೆ ಅಚ್ಚು ಮಾಡಿದ್ದೀರಿ. ಹೀಗಾಗಿ ಮೇಲುಕೇರಿಯವರ ಬಳಿ ಹಾಡುಗಳಿವೆ, ಹುಡುಕುವ ದಾರಿಯಿಲ್ಲ. ಕೆಳಕೇರಿಯವರ ಬಳಿ ಕೈಯಲ್ಲಿಲ್ಲದ ಎಂಬತ್ತೇಳು ಹಾಡುಗಳ ವಿಳಾಸ ಉಂಟು. ಮದುವೆ ಮಾತಿಗೆಂದು ಹೆಣ್ಣು ನೋಡಲು ಬಂದ ಕೆಳಕೇರಿಯ ಒಬ್ಬರು, "ಎಣ್ಣಿನ ಕಡೇರು ಮುಂದ್ಲರ್ಧನೋ ಇಂದ್ಲರ್ಧನೋ?" ಎಂದು ಮೊದಲು ಕೇಳಿದರೆಂದು ಹೇಳಿದರೆ ತಾವು ನಂಬುವುದಿಲ್ಲ. ಆದರೆ ಈಗ ನಮ್ಮಲ್ಲಿ ಇಡೀ ಪುಸ್ತಕವುಳ್ಳ ಸಂಸಾರ ಬೇಕಾದರೆ ಅದೊಂದೇ ಮಾರ್ಗ.

ಎಂಬತ್ತೆಂಟನೆಯ ಹಾಡೊಂದು ಕತ್ತಿಯ ಬಾಯಿಗೆ ಅಡ್ಡ ಬಂದಿತ್ತು. ಸೆಪ್ಟೆಂಬರ್ ಎಂಟರಂದು ಮಾತೆಯ ಹಬ್ಬ. ಸ್ವಾಮಿಗಳಿಗೆ ಈ ವಿಭಾಗದ ವಿಚಾರ ಆಗ ಪೂರ್ತಿ ತಿಳಿದಿರಲಿಲ್ಲ. ಅವರು ತಮ್ಮ ಗಂಭೀರವಾದ ಕನ್ನಡದಲ್ಲಿ "ಎಂಬತ್ತೆಂಟನೆಯ ಕೀರ್ತನೆಯನ್ನು ಎಲ್ಲರೂ ಹಾಡೋಣವಾಗಲಿ" ಎಂದರು. ಮೇಲುಕೇರಿಯವರು ಎದ್ದು ನಿಂತು, ಪುಸ್ತಕ ಹಿಡಿದು, ಎರಡು ನುಡಿ ಹಾಡಿ ಮೂರನೆಯದರ ನಡುವೆ, ಪುಟ ಮುಗಿದಲ್ಲಿ, ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಚೌರಪ್ಪ ಗೋಣಿಬಟ್ಟೆಯನ್ನು ತಿರುವಿ ನೋಡಿದ, ಅದರ ಹಿಂದೇನಾದರೂ ಉಳಿದಿದೆಯೋ ಎಂದು. ಆಮೇಲೆ ಎಚ್ಚರಗೊಂಡ ಕೆಳಕೇರಿಯವರು, ನಮ್ಮ ಸರದಿ ಬಂತೆಂದು ಎದ್ದು, ಅದೇ ಸಾಲಿನ ಬಾಲ ಹಿಡಿದು, ಬೇರೆಯೇ ಶ್ರುತಿಯಲ್ಲಿ ಓಡತೊಡಗಿದರು. ಮೇಲುಕೇರಿಯವರು ಕೂತರು. ಕೂತವರನ್ನು ನೋಡಿ ಹಾಡುತ್ತಿದ್ದವರಲ್ಲಿ ಅರ್ಧ ಜನ ಕೂತರು. ಪುಸ್ತಕ ತಲೆಕೆಳಗಾಗಿ ಹಿಡಿದಿದ್ದರೂ ಕೊನೆಯವರೆಗೂ ನಿಂತು ಹಾಡಿದವರು ನೆರೆಯೂರಿನ ಮಾದಯ್ಯನವರ ತಾಯಿ ಬೆಳ್ಳಮ್ಮ ಒಬ್ಬರೇ. ಅವರು ನಮ್ಮ ಮತದವರೂ ಅಲ್ಲ, ಹಬ್ಬದ ಊಟಕ್ಕೆ ಬಂದವರು. ಸ್ವಾಮಿಗಳು ಬಲಿಪೀಠದ ಕಡೆ ತಿರುಗಿಕೊಂಡರು. ಅವರ ಭುಜಗಳು ಬಹಳ ಹೊತ್ತು ಅಲುಗುತ್ತಿದ್ದವು. ಅದು ಭಕ್ತಿಯೆಂದು ನಾವು ತಿಳಿದೆವು.

ಇಷ್ಟೇ ಆಗಿದ್ದರೆ, ಮಾನ್ಯರೇ, ನಾನು ಈ ಪತ್ರಿಕೆಯ ಜಾಗ ಕೆಡಿಸುತ್ತಿರಲಿಲ್ಲ. ಊರಿಗೆ ನಗಲು ಏನಾದರೊಂದು ಬೇಕು, ತಾವು ಒದಗಿಸಿದ್ದೀರಿ, ಋಣಿ ಎನ್ನುತ್ತಿದ್ದೆ. ಆದರೆ ಹಬ್ಬವಾದ ಮೂರನೆಯ ದಿನ ಜಪಮಾಲಮ್ಮ ನಮ್ಮ ಜಗುಲಿಗೆ ಬಂದಳು. ಸೆರಗಿನಲ್ಲಿ ತನ್ನ ಅರ್ಧ ಪುಸ್ತಕ ಕಟ್ಟಿಕೊಂಡಿದ್ದಳು.

"ಮಗ, ನನ್ನ ಆಡು ಇದರಾಗೆ ಎಲ್ಲೈತೆ ತೋರ್ಸು. ಅಲ್ಲೊಂದು ದಾರ ಇಕ್ಕಂತೀನಿ."

"ಯಾವ ಹಾಡು, ದೊಡ್ಡವ್ವ?"

"ಕಣದ ಆಡು ಕಣ. ಸತ್ತೋರ್ನ ಕಳ್ಸೋದು."

ನಮ್ಮೂರಿನ ಪದ್ಧತಿ ತಮಗೆ ತಿಳಿಯದು, ಹೇಳುತ್ತೇನೆ. ನಮ್ಮಲ್ಲಿ ಯಾರೇ ತೀರಿಕೊಂಡರೂ, ಗುಡಿಯಿಂದ ಸಮಾಧಿ ಭೂಮಿಗೆ ಒಯ್ಯುವಾಗ ದಾರಿಯಲ್ಲಿ ಒಕ್ಕಣೆಯ ಕಣದ ಅಂಚಿಗೆ ಒಂದು ಸಲ ಇಳಿಸುತ್ತಾರೆ. ಬದುಕಿದ್ದಾಗ ಅಲ್ಲಿ ದುಡಿದವರಲ್ಲವೇ, ಒಂದು ಗಳಿಗೆ ದಣಿವಾರಿಸಿಕೊಳ್ಳಲಿ ಎಂದು. ಆಗ ಜಪಮಾಲಮ್ಮ ಈ ಹಾಡು ಎತ್ತುತ್ತಾಳೆ. ಅವಳ ತಾಯಿ ಹಾಡುತ್ತಿದ್ದದ್ದು, ಅದಕ್ಕೂ ಹಿಂದೆ ಯಾರೋ. ಹೀಗಿದೆ:

ಹೊಟ್ಟೆಲ್ಲ ಗಾಳಿಗೆ ಹೋಯ್ತು, ಕಾಳು ಕಣದಾಗೆ ಉಳೀತು,
ಮೊರ ತಂದು ಎತ್ಕೊಳ್ಳೊ ನನ್ನಪ್ಪ.
ಬೊಗಸೇಯ ತುಂಬದ ಕಾಳು, ಅಳೀಬ್ಯಾಡ, ತೂಗ್ಬ್ಯಾಡ,
ಬಾಗ್ಲು ತಗದು ಒಳಗಾಕೊ ನನ್ನಪ್ಪ.

ಪುಸ್ತಕ ಬಿಚ್ಚಿ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಇಲ್ಲ. "ಮರಣದ ಹಾಡೆಲ್ಲ ಇನ್ನರ್ಧದಲ್ಲಿವೆ ದೊಡ್ಡವ್ವ," ಎಂದೆ. ಇಬ್ಬರೂ ಕೆಳಕೇರಿಗೆ ಹೋಗಿ ಹಿಂದಿನ ಅರ್ಧ ಇಸಿದುಕೊಂಡು ನೋಡಿದೆವು. ಅಲ್ಲಿ ಮರಣಕ್ಕೆಂದು ಆರು ಹಾಡುಗಳಿವೆ. ಆರರಲ್ಲಿಯೂ ಆತ್ಮವು "ಪರಂಧಾಮಾಭಿಮುಖವಾಗಿ ಗಮಿಸು"ತ್ತದೆ. ನಮ್ಮ ಕಡೆಯವರ ಆತ್ಮ ಅಷ್ಟು ದೊಡ್ಡ ಮಾತು ಹೊತ್ತುಕೊಂಡು ಎಷ್ಟು ದೂರ ನಡೆದೀತು? ಕಣದ ಹಾಡು ಇಲ್ಲ. ಏಕೆ ಇಲ್ಲವೆಂಬುದು ಮುನ್ನುಡಿಯಲ್ಲಿ ಸಿಕ್ಕಿತು. "ಹೊಟ್ಟು, ಮೊರ ಮುಂತಾದ ಗ್ರಾಮ್ಯ ಶಬ್ದಗಳುಳ್ಳ ಪದಗಳು ದೈವಾರಾಧನೆಯ ಘನತೆಗೆ ತಕ್ಕವಲ್ಲವಾಗಿ ಬಿಡಲ್ಪಟ್ಟಿವೆ."

ಗ್ರಾಮ್ಯ ಶಬ್ದ! ಮಾನ್ಯರೇ, ತಾವು ಪಟ್ಟಣದವರು, ಕಾಳು ತಮಗೆ ಅಂಗಡಿಯಿಂದ ಹಸನಾಗಿಯೇ ಬರುತ್ತದೆ. ಆದರೆ ಕಡೆಯ ತೀರ್ಪಿನ ದಿನ ದೇವರು ಕಾಳನ್ನೂ ಹೊಟ್ಟನ್ನೂ ಬೇರೆಬೇರೆ ಮಾಡುತ್ತಾನೆಂದು ನಮ್ಮ ಸ್ವಾಮಿಗಳು ವರ್ಷಕ್ಕೊಮ್ಮೆ ಪ್ರಸಂಗದಲ್ಲಿ ಹೇಳುತ್ತಾರೆ. ಮೊರವಿಲ್ಲದೆ ಹೇಗೆ ಮಾಡುತ್ತಾನೆ? ಕೈಯಲ್ಲಿ ಆರಿಸುತ್ತಾನೆಯೇ? ಅಷ್ಟು ಜನರನ್ನು? ಮೊರ ದೇವರ ಕೈಯಲ್ಲಿರಬಹುದು, ಜಪಮಾಲಮ್ಮನ ಬಾಯಲ್ಲಿರಬಾರದು ಎಂಬುದು ಯಾವ ಶಾಸ್ತ್ರ?

ಮುನ್ನುಡಿಯನ್ನು ಆಕೆಗೆ ತಿಳಿಯುವ ಹಾಗೆ ಹೇಳಿದೆ. ಕೋಪ ಮಾಡಿಕೊಳ್ಳುತ್ತಾಳೆ, ತಮ್ಮನ್ನು ನಾಲ್ಕು ಮಾತು ಅನ್ನುತ್ತಾಳೆ, ನಾನು ಅದನ್ನು ತಿದ್ದಿ ಬರೆಯಬಹುದು ಎಂದುಕೊಂಡಿದ್ದೆ. ಆಕೆ ಹಾಗೇನೂ ಮಾಡಲಿಲ್ಲ. ಅರ್ಧ ಪುಸ್ತಕವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಎದ್ದು ಹೋದಳು. ಸಂಜೆ ಸ್ವಾಮಿಗಳ ಬಳಿಗೆ ಹೋದಳೆಂದು ತಿಳಿದು ನಾನೂ ಹೋದೆ.

"ಸ್ವಾಮಿ, ನಾನು ಆಡಿ ಕಳ್ಸಿದೋರು ನೂರಕ್ಕೆ ಮ್ಯಾಲೆ ಆಗವ್ರೆ. ನಮ್ಮನೆಯೋರು, ನನ್ನ ಎರಡು ಮಕ್ಳು, ನಮ್ಮಕ್ಕ. ಎಲ್ರನೂವೆ ಅದೇ ಆಡಲ್ಲಿ ಕಳ್ಸಿವ್ನಿ," ಎನ್ನುತ್ತಿದ್ದಳು. "ಈಗ ಆ ಆಡು ಸಲ್ಲಾಕಿಲ್ಲ ಅಂತ ಬರ್ದವ್ರಂತೆ. ಅವ್ರೆಲ್ಲ ಒಳಿಕ್ಕೆ ಓದ್ರೋ, ಬಾಗ್ಲಲ್ಲೇ ನಿಂತವ್ರೋ?"

ಸ್ವಾಮಿಗಳು ಎದ್ದು ನಿಂತರು. "ಜಪಮಾಲಮ್ಮನವರೇ, ದೇವರು ಪುಸ್ತಕವನ್ನು ನೋಡಿ ಬಾಗಿಲು ತೆರೆಯುವುದಿಲ್ಲ."

"ನಿಮ್ಗೆ ಅಂಗೆ ಅನ್ನುಸ್ತದೆ ಸ್ವಾಮಿ. ನೀವು ಓದ್ದೋರು, ನಿಮ್ಗೆ ತಗೀತಾರೆ."

ಅವರಿಗೆ ಲತೀನೂ ಬರುತ್ತದೆ, ಫ್ರೆಂಚೂ ಬರುತ್ತದೆ, ನಮ್ಮ ಕನ್ನಡವೂ ಬರುತ್ತದೆ. ಮೂರನ್ನೂ ಬದಿಗಿಟ್ಟು ಅವರು ತಮ್ಮ ಕುರ್ಚಿಯನ್ನು ಆಕೆಯ ಕಡೆಗೆ ಸರಿಸಿದರು.

"ಆತ್ಮಗಳ ಅಬ್ಬ ಬತ್ತದಲ್ಲ," ಎಂದಳು ಜಪಮಾಲಮ್ಮ, ಸತ್ತವರನ್ನೆಲ್ಲ ನಾವು ನೆನೆಯುವ ನವೆಂಬರ್ ಎರಡನ್ನು ಎಣಿಸುತ್ತ. "ಅವತ್ತು ಎಲ್ರ ಗೋರಿ ಮುಂದೂ ಇನ್ನೊಂದ್ಸಲ ಆಡ್ತೀನಿ. ಬುಕ್ಕಿಗೆ ಸೇರ್ಸಿ ಆಡ್ತೀನಿ. ನಿಂತಿರೋರು ಒಳಿಕ್ಕೆ ಓಗ್ಲಿ. ನಂದೂ ದಿನ ಅತ್ರ ಬಂತು, ನಾನೂ ಅಲ್ಲೋಗಿ ಅವ್ರ ಜೊತೆ ಬಿಸ್ಲಲ್ಲಿ ನಿಂತ್ಕಳಾಕೆ ಆಗಾಕಿಲ್ಲ."

ಸ್ವಾಮಿಗಳು ಸಮಿತಿಯ ಆಜ್ಞೆಯನ್ನು ತೆಗೆದು ಮತ್ತೊಮ್ಮೆ ಓದಿದರು. ದೇವಾಲಯ, ಮೆರವಣಿಗೆ, ಸಮಾಧಿ ಭೂಮಿ, ಮೂರೂ ಬಾಗಿಲು ಹಾಕಿದ್ದೀರಿ. ವಿಧೇಯರಾಗಿರುತ್ತೇನೆಂದು ಮಾತು ಕೊಟ್ಟು ಬಂದವರು ಅವರು, ಆಜ್ಞೆ ಮೀರುವುದಿಲ್ಲ. ತಮಗೆ ಬರೆದರು. ಒಂದಲ್ಲ, ಮೂರು ಕಾಗದ. ಉತ್ತರವಿಲ್ಲ. ಉತ್ತರ ಬರೆಯಲು ತಮ್ಮ ಕಚೇರಿಯಲ್ಲಿ ಕಾಗದದ ಅಭಾವವಿರಬಹುದೆಂದು ಎಣಿಸಿ ಕಡೆಯದರಲ್ಲಿ ಜವಾಬು ಕಾರ್ಡನ್ನೂ ಇಟ್ಟರು. ಅದನ್ನು ಯಾವ ಸತ್ಕಾರ್ಯಕ್ಕೆ ಬಳಸಿದಿರೋ ತಿಳಿಯದು.

ಈ ಸಂಗತಿಯನ್ನು ಕಳೆದ ಶನಿವಾರ ಪಂಚಾಕ್ಷರಯ್ಯನವರ ಅಂಗಡಿಯಲ್ಲಿ ಕೂತು ಹೇಳಿಕೊಂಡೆವು, ನಾನೂ ಇನ್ನಾಸಪ್ಪನೂ. ಅವರು ಹಾಡನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಆಮೇಲೆ ಆಜ್ಞೆಯಲ್ಲಿ ಏನಿದೆ, ಅದೇ ಮಾತಿನಲ್ಲಿ ಹೇಳಿ ಎಂದರು. ಹೇಳಿದೆ.

"ಪುಸ್ತಕದಲ್ಲಿ ಇರೋ ಹಾಡು ಅಂತ ತಾನೆ ಬರ್ದಿರೋದು? ಅಚ್ಚಾಗಿರ್ಬೇಕು ಅಂತ ಇಲ್ಲವಲ್ಲ. ಒಂದು ಚೀಟಿ ಮೇಲೆ ಬರ್ದು ಒಳಗೆ ಅಂಟಿಸಿದ್ರೆ, ಇದ್ದ ಹಾಗೇ ಆಯ್ತಲ್ಲ. ಅರವತ್ತು ಚೀಟಿ, ಅರವತ್ತು ಹೋಳಿಗೂ. ನಾನೇ ಅಂಟಿಸಿಕೊಡ್ತೀನಿ."

"ನಿಮ್ಗ್ಯಾಕ್ ಸಾ ಈ ಕಷ್ಟ?" ಎಂದ ಇನ್ನಾಸಪ್ಪ.

"ಕತ್ತರಿಸಿದೋನು ನಾನೇ ಅಲ್ವೇನಯ್ಯಾ. ಅಲ್ಲದೆ ಆ ಪುಸ್ತಕದಲ್ಲಿ ನನ್ನದೂ ಆರೂವರೆ ರೂಪಾಯಿ ಇದೆ. ನನ್ನ ದುಡ್ಡಿನ ಪುಸ್ತಕದಲ್ಲಿ ಮುದುಕಿ ಹಾಡು ಇಲ್ಲ ಅಂದ್ರೆ ಹೆಂಗೆ?"

ಸ್ವಾಮಿಗಳಿಗೆ ಇದನ್ನು ಅರಿಕೆ ಮಾಡಿದೆವು. ಅವರು ಗಡ್ಡ ನೀವಿಕೊಂಡು, "ಪುಸ್ತಕದೊಳಗೆ ಏನಿದೆಯೆಂದು ನಾನು ಪ್ರತಿ ಮನೆಗೂ ಹೋಗಿ ಪರೀಕ್ಷಿಸಬೇಕೆಂಬ ಆಜ್ಞೆ ನನಗೆ ಬಂದಿಲ್ಲ," ಎಂದರು. ಜಪಮಾಲಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಅಂಟ್ಸಿದ್ದು ಅಲ್ಲಿ ಸಲ್ತದಾ?" ನಮ್ಮಲ್ಲಿ ಯಾರಿಗೂ ಖಂಡಿತವಾಗಿ ಹೇಳಲಾಗಲಿಲ್ಲ.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ತಾವು ನಮಗೆ ಕೊಡಬೇಕಾದ ಮೂವತ್ತು ಪುಸ್ತಕ ಇನ್ನೂ ಅಚ್ಚಾಗಬೇಕಾಗಿದೆ. ಅವುಗಳಲ್ಲಿ ಮರಣದ ಆರು ಹಾಡಿನ ಪಕ್ಕಕ್ಕೆ ಏಳನೆಯದಾಗಿ ಕಣದ ಹಾಡು ಇರಬೇಕು. ಹೊಟ್ಟು ಹೊಟ್ಟಾಗಿಯೇ, ಮೊರ ಮೊರವಾಗಿಯೇ ಇರಬೇಕು, ಅವನ್ನು ಸಂಸ್ಕೃತಕ್ಕೆ ಕರೆದೊಯ್ಯಬಾರದು. ಅಲ್ಲಿಯವರೆಗೆ, 'ಅಂಟಿಸಿದ್ದು ಸಲ್ಲುತ್ತದೆ' ಎಂದು ಎರಡೇ ಮಾತು ಬರೆದು, ಕಚೇರಿಯ ಮೊಹರು ಒತ್ತಿ, ಒಂದು ಕಾರ್ಡನ್ನು ನವೆಂಬರ್ ಎರಡರ ಒಳಗೆ ಮುಟ್ಟುವಂತೆ ಕಳುಹಿಸಬೇಕು. ಅದನ್ನು ಆಕೆಗೆ ಓದಿ ಹೇಳುವ ಕೆಲಸ ನನ್ನದು. ತಮ್ಮ ಮೊಹರಿಗೆ ಪರಲೋಕದಲ್ಲಿ ಎಷ್ಟು ಬೆಲೆಯೋ ನಾನರಿಯೆ, ಜಪಮಾಲಮ್ಮನ ಮನಸ್ಸಿನಲ್ಲಿ ಬಹಳ ಇದೆ. ಕಾರ್ಡು ಬರದಿದ್ದರೆ? ಆಗಲೂ ಆಕೆ ಹಾಡುತ್ತಾಳೆ, ಅಂಟಿಸಿದ ಚೀಟಿ ಕೈಯಲ್ಲಿ ಹಿಡಿದು ಅರವತ್ತು ಮನೆಯೂ ಹಾಡುತ್ತದೆ. ಆಕೆಯ ಸಂಶಯ ಮಾತ್ರ ಉಳಿಯುತ್ತದೆ. ಅದರ ಹೊಣೆ ತಮ್ಮದು.

ಕಡೆಯದಾಗಿ, ಕಾರ್ಯದರ್ಶಿಗಳನ್ನು ಬಿಟ್ಟು ಉಳಿದ ಓದುಗರಲ್ಲಿ ಒಂದು ಮಾತು. ಚೀಟಿ ಬರೆಯಲು ನಮ್ಮ ಬಳಿ ಕಾಗದವಿಲ್ಲ. ಪಂಚಾಕ್ಷರಯ್ಯನವರ ಅಂಗಡಿಯಲ್ಲಿಯೂ ಹತೋಟಿಯ ಲೆಕ್ಕದ ಕಾಗದವಷ್ಟೇ ಇದೆ, ಅದನ್ನು ಕೊಟ್ಟರೆ ಅವರು ದಂಡ ತೆರಬೇಕಾಗುತ್ತದೆ. ತಮ್ಮ ಮನೆಗಳಲ್ಲಿ ಹಿಂಬದಿ ಬರಿದಾಗಿರುವ ಮದುವೆಯ ಲಗ್ನಪತ್ರಿಕೆಗಳಿದ್ದರೆ, ಅವು ಯಾವ ಮತದವಾದರೂ ಚಿಂತೆಯಿಲ್ಲ, ಹಾಸನದ ಪೇಟೆಯಲ್ಲಿ ಅವರ ಅಂಗಡಿಗೆ ಈ ತಿಂಗಳ ಇಪ್ಪತ್ತೆಂಟರೊಳಗೆ ತಲುಪಿಸಿ. ಒಟ್ಟು ಅರವತ್ತು ಬೇಕು. ಜಪಮಾಲಮ್ಮನದು ಸ್ವಲ್ಪ ದಪ್ಪ ಕಾಗದವಾದರೆ ಒಳ್ಳೆಯದು, ಆಕೆ ಅದನ್ನು ಹಿಡಿದು ನೂರು ಗೋರಿ ಸುತ್ತಬೇಕು.

ಇಂತೀ ಮೊರೆಯಿಟ್ಟವನು,
ಸ್ವರ ಹಿಡಿಯಲು ಬಾರದೆ ಮೂವತ್ತು ವರ್ಷದಿಂದ ಬರೀ ಬಾಯಿ ಆಡಿಸುತ್ತಿರುವ ಮೇಲುಕೇರಿಯ ಒಬ್ಬ ವಿಶ್ವಾಸಿ
ಅಕ್ಟೋಬರ್ ೧೫, ೧೯೪೪